ಹಡಗು ಎರಡು ತುಂಡಾದ್ರ ಕೆಲಸ ಅರ್ಧ ಆಗೂದಿಲ್ಲ

1/8
ಕ್ಲಾಸ್ ಗ್ರೂಪಿನಾಗ ಈ ವಾರ ಒಂದ ಮಾತು: "ಟ್ಯಾಂಕರ್ ಬ್ಯಾಡೋ, ಎಟಿಬಿ ಚಲೋ. ಜನ ಕಡಿಮಿ, ಸಾಹೇಬ್ರು ಕಡಿಮಿ, ಕೆಲಸಾನೂ ಕಡಿಮಿ." ಆ ರೀಲಿಗೆ ಎಲ್ಲಾರೂ ಬೆಂಕಿ ಇಮೋಜಿ ಹಾಕಿದ್ರಿ. ಮರ್ಚೆಂಟ್ ನೇವಿಗೆ ಹೋಗಬೇಕು ಅನ್ನೋರು ನಮ್ಮ ಡಿಪ್ಲೊಮಾ ಬ್ಯಾಚಿನಾಗ ಆರು ಮಂದಿ ಅದಾರ. ಅವರ ಸಲುವಾಗಿ ಬರೀತೀನಿ, ಪೂರ್ತಿ ಓದ್ರಿ. ಜನ ಕಡಿಮೆ ಅನ್ನೋದು ಖರೆ. ಕೆಲಸ ಕಡಿಮೆ ಅನ್ನೋದು ಶುದ್ಧ ಸುಳ್ಳು.

2/8
ಎಟಿಬಿ ಅಂದ್ರ ಆರ್ಟಿಕ್ಯುಲೇಟೆಡ್ ಟಗ್-ಬಾರ್ಜ್. ಟ್ಯಾಂಕರ್ ಒಂದೇ ಹಡಗು: ಎಂಜಿನ್, ಎಣ್ಣೆಯ ಟ್ಯಾಂಕು, ಮಲಗುವ ಕೋಣೆ ಎಲ್ಲ ಒಂದೇ ಒಡಲಿನಲ್ಲಿ. ಎಟಿಬಿಯಲ್ಲಿ ಎರಡು ಒಡಲು. ಎಣ್ಣೆ ತುಂಬಿದ ಬಾರ್ಜಿನ ಹಿಂಭಾಗದಲ್ಲಿ ಒಂದು ದೊಡ್ಡ ಕಚ್ಚು ಇರುತ್ತದೆ. ಟಗ್ ಅದರೊಳಗೆ ಮೂತಿ ತೂರಿಸಿ, ಎರಡೂ ಪಕ್ಕಕ್ಕೆ ದಪ್ಪ ಪಿನ್ನು ಚಾಚಿ ಬಾರ್ಜನ್ನು ಹಿಡಿದುಕೊಂಡು ತಳ್ಳುತ್ತದೆ. ತೆರೆ ಎದ್ದಾಗ ಟಗ್ ಆ ಪಿನ್ನಿನ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗಬಹುದು. ಪಕ್ಕಕ್ಕೆ ವಾಲಿದರೆ ಮಾತ್ರ ಎರಡೂ ಒಟ್ಟಿಗೇ ವಾಲುತ್ತವೆ. ಎಂಜಿನಿಯರಿಂಗ್ ಆಗಿ ಇದು ಜಾಣತನದ ಕೆಲಸ. ನನ್ನ ಜಗಳ ಪಿನ್ನಿನ ಜೊತೆ ಅಲ್ಲ, ಲೆಕ್ಕದ ಜೊತೆ.

3/8
ಖಾನಾಪುರ ಕಡೆಯವರಿಗೆ ಈ ಲೆಕ್ಕ ಹೊಸದಲ್ಲ. ಕಬ್ಬಿನ ಸೀಜನ್ನಿನಾಗ ಬೆಳಗಾವಿ ರೋಡಿಗೆ ನಿಂತು ನೋಡ್ರಿ. ನಮ್ಮ ಕಾಕಾ ಡಬ್ಬಲ್ ಟ್ರಾಲಿ ಹೊಡೀತಾರ. ಅಷ್ಟೇ ಕಬ್ಬು ಲಾರಿಯಾಗ ಹೋದ್ರ ಡ್ರೈವರ್ ಜೊತೆ ಕ್ಲೀನರ್ ಒಬ್ಬ ಇರ್ತಾನ. ಟ್ರ್ಯಾಕ್ಟರ್ ಅಂದ ಕೂಡಲೇ ಕಾಕಾ ಒಬ್ಬರೇ. ಟ್ರ್ಯಾಕ್ಟರಿಗೆ 4, ಎರಡು ಟ್ರಾಲಿಗೆ 8: ಒಟ್ಟು 12 ಟಯರ್, ಒಬ್ಬ ಮನುಷ್ಯ. ಗ್ರೀಸು, ಪಂಕ್ಚರ್, ಹಗ್ಗ, ಕೊಂಡಿಯ ಪಿನ್ನು, ಹಿಂದಿನ ಕೆಂಪು ದೀಪ ಎಲ್ಲ ಅವರ ಪಾಲು. ರಾತ್ರಿ ಎರಡಕ್ಕೆ ಫ್ಯಾಕ್ಟ್ರಿ ಪಾಳಿಯಾಗ ಕುಂತಲ್ಲೇ ನಿದ್ದಿ ಹೊಡೀತಾರ. ಹಿಂದಿನ ದೀಪ ಹತ್ತಿಲ್ಲ ಅಂತ ಯಾರು ಇಳಿದು ನೋಡಬೇಕು?

4/8
ಈಗ ಸಮುದ್ರಕ್ಕ ಬರ್ರಿ. ಸಾಮಾನ್ಯವಾಗಿ ಟ್ಯಾಂಕರಿನಲ್ಲಿ 20ರಿಂದ 25 ಜನ ಇರುತ್ತಾರೆ, ಎಟಿಬಿಯಲ್ಲಿ ಅದರ ಅರ್ಧ ಅಥವಾ ಇನ್ನೂ ಕಡಿಮೆ. ಯಾಕೆ? ಅಮೆರಿಕದಲ್ಲಿ ಎಷ್ಟು ಜನ ಇರಬೇಕು ಅನ್ನೋದನ್ನು ಟಗ್ಗಿನ ಗಾತ್ರ ನೋಡಿ ಲೆಕ್ಕ ಹಾಕುತ್ತಾರೆ, ಬಾರ್ಜಿನ ಗಾತ್ರ ನೋಡಿ ಅಲ್ಲ. ಕಾಗದದಲ್ಲಿ ಬಾರ್ಜ್ "ಜನರಿಲ್ಲದ್ದು". ಆದರೆ ಆ ಜನರಿಲ್ಲದ ಬಾರ್ಜಿನ ಮೇಲೆ ಪಂಪುಗಳಿವೆ, ಅವನ್ನು ಓಡಿಸುವ ಎಂಜಿನ್ನುಗಳಿವೆ, ಜನರೇಟರ್, ವಾಲ್ವು, ಲಂಗರು, ಬಲ್ಲಾಸ್ಟ್ ಟ್ಯಾಂಕು ಎಲ್ಲ ಇವೆ. ಅದರ ಮೇಲೆ ಪಿನ್ನು, ಕಚ್ಚು ಸವೆಯೋದು ಬೇರೆ. ತಲೆ ಎಣಿಸುವಾಗ ಟಗ್, ಸರಕು ಎಣಿಸುವಾಗ ಬಾರ್ಜ್. ಲಾಭ ಹುಟ್ಟೋದು ಈ ಸಂದಿಯಲ್ಲೇ.

5/8
ತುಕ್ಕಿಗೆ ಕಾಗದ ಓದಲು ಬರೂದಿಲ್ಲ. ಟ್ಯಾಂಕರಿನಲ್ಲಿ ಬೋಸನ್ ತನ್ನ ಹುಡುಗರನ್ನು ಕಟ್ಟಿಕೊಂಡು ದಿನಾ ತುಕ್ಕು ಕೆರೆಸುತ್ತಾನೆ, ಬಣ್ಣ ಹೊಡೆಸುತ್ತಾನೆ. ಪಂಪಿಗೆ ಪಂಪ್‌ಮನ್, ರಿಪೇರಿಗೆ ಫಿಟ್ಟರ್ ಇರುತ್ತಾರೆ. ಎಟಿಬಿಯಲ್ಲಿ ಅಷ್ಟು ಕೈ ಇಲ್ಲ. "ಬಂದರಿಗೆ ಹೋದಾಗ ನೋಡೋಣ" ಅನ್ನೋದೇ ಜಾಸ್ತಿ. 2017ರ ಅಕ್ಟೋಬರ್ 20ರಂದು ಟೆಕ್ಸಾಸ್ ಕರಾವಳಿಯಲ್ಲಿ ಕಚ್ಚಾ ತೈಲ ತುಂಬಿದ್ದ ಒಂದು ಎಟಿಬಿಯ ಬಾರ್ಜ್ ಸ್ಫೋಟಿಸಿತು. ಅದರ ಮೇಲಿದ್ದ 2 ಸಿಬ್ಬಂದಿ ಸತ್ತರು. ತನಿಖೆ ಹೇಳಿದ್ದೇನು? ತುಕ್ಕು ತಿಂದ ಒಳಗೋಡೆಯಿಂದ ತೈಲ ಸೋರಿ ಮುಂಭಾಗದ ಖಾಲಿ ಜಾಗಕ್ಕೆ ಇಳಿದಿತ್ತು. ಬಾರ್ಜಿನ ನಿರ್ವಹಣೆ ಸರಿಯಾಗಿ ಆಗಿರಲಿಲ್ಲ.

6/8
ಇನ್ನು ನಿದ್ದಿ. ಅಂತಾರಾಷ್ಟ್ರೀಯ ನಿಯಮ ಹೇಳೋದು: 24 ತಾಸಿಗೆ ಕನಿಷ್ಠ 10 ತಾಸು, ವಾರಕ್ಕೆ 77 ತಾಸು ವಿಶ್ರಾಂತಿ. ಟ್ಯಾಂಕರಿನಲ್ಲಿ ಜನ ಇದ್ದರೆ ಪಾಳಿ 4 ತಾಸು ಕೆಲಸ, 8 ತಾಸು ಬಿಡುವು. ಜನ ಕಡಿಮೆ ಇದ್ದರೆ 6 ತಾಸು ಕೆಲಸ, 6 ತಾಸು ಬಿಡುವು. ಕೂಡಿಸಿ ನೋಡ್ರಿ, ವಾರಕ್ಕೆ 84 ತಾಸು ವಿಶ್ರಾಂತಿ. ಕಾಗದದ ಮೇಲೆ ಪಾಸ್! ಆದರೆ ಆ 6 ತಾಸಿನಾಗ ಊಟ, ಸ್ನಾನ, ಬಟ್ಟೆ, ಮನೆಗೆ ಫೋನು ಎಲ್ಲ ಮುಗಿಸಿ ನಿದ್ದಿ ಎಷ್ಟು ಉಳೀತು? 2016ರ ಅಕ್ಟೋಬರ್ 13ರ ನಡುರಾತ್ರಿ ಕೆನಡಾದ ಬೆಲ್ಲಾ ಬೆಲ್ಲಾ ಬಳಿ ನೇಥನ್ ಇ. ಸ್ಟುವರ್ಟ್ ಎಂಬ ಎಟಿಬಿ ಟಗ್ ಬಂಡೆಗೆ ಬಡಿಯಿತು. ಒಟ್ಟು 7 ಸಿಬ್ಬಂದಿ, 6-6ರ ಪಾಳಿ, ಬ್ರಿಜ್ಜಿನಲ್ಲಿ ಒಂಟಿಯಾಗಿದ್ದ ಅಧಿಕಾರಿಗೆ ನಿದ್ದೆ ಹತ್ತಿತ್ತು. 1 ಲಕ್ಷ ಲೀಟರಿಗೂ ಹೆಚ್ಚು ಡೀಸೆಲ್ ನೀರಿಗೆ ಹೋಯಿತು. ಅಲ್ಲಿನ ಹೈಲ್ಟ್ಸುಕ್ ಜನ ಚಿಪ್ಪು ಆರಿಸುತ್ತಿದ್ದ ದಂಡೆಗಳು ಹಾಳಾದವು. ಆ ಮನುಷ್ಯನಿಗೆ ಬೈಯೋದು ಸರಳ. ನನಗೆ ನೆನಪಾಗೋದು ನಮ್ಮ ಕಾಕಾ.

7/8
"ಟ್ಯಾಂಕರ್ ಏನು ಸ್ವರ್ಗ ಏನು?" ಅಂತೀರಿ. ಅಲ್ಲ. ತಿಂಗಳುಗಟ್ಟಲೆ ಮನೆ ಇಲ್ಲ, ಟ್ಯಾಂಕ್ ತೊಳೆಯೋ ಕೆಲಸ ಮೈ ಹಿಂಡತೈತಿ. ಎಟಿಬಿಯವರು ಕೆಲವು ವಾರಕ್ಕೇ ಮನೆ ಸೇರುತ್ತಾರೆ, ಅದನ್ನೂ ಒಪ್ಪತೀನಿ. ಆದರೆ ರೀಲಿನಲ್ಲಿ ಹೇಳದ ಮಾತು ಕೇಳ್ರಿ: 1920ರ ಜೋನ್ಸ್ ಕಾಯಿದೆ ಪ್ರಕಾರ ಅಮೆರಿಕದ ಬಂದರಿನಿಂದ ಬಂದರಿಗೆ ಸರಕು ಸಾಗಿಸುವ ಹಡಗಿನಲ್ಲಿ ಅಲ್ಲಿಯವರಿಗೇ ಕೆಲಸ. ನಮಗೆ ಆ ಸೀಟು ಇಲ್ಲ. ಏಜೆಂಟ್ ನಿಮಗೆ ತೋರಿಸೋದು ಎಟಿಬಿ, ಹತ್ತಿಸೋದು ಯಾವುದೋ ಹಳೆ ಟಗ್ಗು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಮರೀಬ್ಯಾಡ್ರಿ. ಮಂಗಳೂರು ಕಡೆ ಅಲಯನ್ಸ್ ಎಂಬ ಟಗ್ ಮಗುಚಿ ಜೀವಗಳು ಹೋದವು. ಮುಲ್ಕಿ ಬಳಿ ಬಂಡೆಗೆ ಸಿಕ್ಕ ಕೋರಮಂಡಲ್ ಸಪೋರ್ಟರ್-9ರಿಂದ 9 ಜನರನ್ನು ಬಿಡಿಸಿ ತರಬೇಕಾಯಿತು. ಹಡಗು ಸಣ್ಣದು ಅಂತ ಸಮುದ್ರ ಸಣ್ಣದಾಗೂದಿಲ್ಲ.

8/8
ಹೋಗಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಖಾನಾಪುರ ಕಾಡಿನಾಗ ಹುಟ್ಟಿದ ಮಹದಾಯಿನೇ ಗೋವಾದಾಗ ಮಾಂಡೋವಿ ಆಗಿ ಸಮುದ್ರ ಸೇರತಾಳ, ನೀವ್ಯಾಕ ಸೇರಬಾರದು? ಸಹಿ ಹಾಕೋ ಮುಂಚೆ ನಾಕು ಪ್ರಶ್ನೆ ಕೇಳ್ರಿ, ಅಷ್ಟ. ಹಡಗಿನಾಗ ಒಟ್ಟು ಎಷ್ಟು ಜನ? ಪಾಳಿ 4-8 ಏನು 6-6? ತುಕ್ಕು ಕೆರೆಯೋರು, ಪಂಪ್ ನೋಡೋರು ಬೇರೆ ಅದಾರೋ, ಅದೂ ನನ್ನ ಪಾಲೋ? ಏಜೆಂಟನ ಆರ್‌ಪಿಎಸ್‌ಎಲ್ ನಂಬರು ಡಿಜಿ ಶಿಪ್ಪಿಂಗ್ ಪಟ್ಟಿಯಾಗ ಐತೋ ಇಲ್ಲೋ? ನಾಕಕ್ಕೂ ನೆಟ್ಟಗ ಉತ್ತರ ಕೊಡದವನ ಕೈಯಾಗ ಅಪ್ಪನ ರೊಕ್ಕ ಇಡಬ್ಯಾಡ್ರಿ.

ಆ ಆರು ಮಂದಿಗೆ ಇದನ್ನ ಕಳಸ್ರಿ. ಬೆಂಕಿ ಇಮೋಜಿ ಬ್ಯಾಡ, ಉತ್ತರ ಬೇಕು.

#ಖಾನಾಪುರ #ಬೆಳಗಾವಿ #ಹಡಗಿನಕೆಲಸ