ಪಾಯಿಂಟಿನ ಲೆಕ್ಕ, ಉದ್ರಿಯ ವಹಿ
ಮುಧೋಳದ ಕಿರಾಣಿ ಅಂಗಡಿಯಲ್ಲಿ ಮೊದಲು ಕೇಳುತ್ತಿದ್ದದ್ದು ‘ರೋಖೋ, ಉದ್ರಿಯೋ’ ಅಂತ. ಈಗ ಮಾರ್ಟಿನ ಕೌಂಟರಿನಲ್ಲಿ ‘ಮೊಬೈಲ್ ನಂಬರ್ ಹೇಳ್ರಿ, ಪಾಯಿಂಟ್ ಹಾಕ್ತೀನಿ’ ಅಂತಾರೆ. ನಾನೂ ಒಂದು ವರ್ಷ ಆ ಹತ್ತು ಅಂಕಿಯನ್ನು ಒಪ್ಪಿಸುತ್ತ ಬಂದೆ. ನೂರು ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟಿಗೆ ನಾಲ್ಕಾಣೆ. ಅಂದರೆ 40,000 ರೂಪಾಯಿ ಸುರಿದರೆ ತಿರುಗಿ ಬರುವುದು 100 ರೂಪಾಯಿ. ಅದನ್ನಾದರೂ ಬಿಡಿಸಿಕೊಳ್ಳೋಣವೆಂದು ಹೋದ ದಿನ ‘ಅವಧಿ ಮುಗದೈತ್ರಿ ಸರ’ ಎಂದ ಹುಡುಗ, ಪಾಪ, ನಗುತ್ತಲೇ. ನಿಜವಾದ ಉಳಿತಾಯ ಪ್ಯಾಕೆಟ್ಟಿನ ಬೆನ್ನ ಮೇಲಿದೆ: ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೆ ಎಷ್ಟು ಬಿತ್ತು ಎಂಬುದನ್ನು ಇರುವೆಗಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮ ಮನೆಯಾಕೆ ಕನ್ನಡಕ ಏರಿಸಿ ಅದನ್ನೇ ಓದುತ್ತಾಳೆ; ಎಷ್ಟೋ ಸಲ ‘ದೊಡ್ಡ ಪ್ಯಾಕು, ದೊಡ್ಡ ಲಾಭ’ ಅವಳ ಕೈಯಿಂದ ಮರಳಿ ಶೆಲ್ಫ್ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಟೂತ್‌ಪೇಸ್ಟು, ಬಿಸ್ಕಿಟ್ಟಿನ ಜಿಎಸ್‌ಟಿ 18ರಿಂದ 5 ಪ್ರತಿಶತಕ್ಕೆ ಇಳಿಯಿತಲ್ಲ, ನನ್ನ ಫೋನಿಗೆ ಬಂದ ಯಾವ ಕೂಪನ್ನೂ ಅಷ್ಟು ಉಳಿಸಿಕೊಟ್ಟಿಲ್ಲ. ಇನ್ನು ಬೆಲ್ಲಕ್ಕೆ ಆಪ್‌ನಲ್ಲಿ ರಿಯಾಯಿತಿ ಹುಡುಕುವುದು ನಮ್ಮೂರವರಿಗೆ ಶೋಭಿಸದು. ಮಹಾಲಿಂಗಪುರದ ಪ್ಯಾಟಿ ಹತ್ತಿರವೇ ಇದೆ, ಪೆಂಟೆ ಒಡೆದು ರುಚಿ ನೋಡಿಯೇ ತರಬಹುದು. ಕಬ್ಬಿನ ಬಿಲ್ಲು ಬರುವ ತನಕ ಬಡ್ಡಿ ಕೇಳದೆ ಕಾಯುವ ಓಣಿಯ ಶೆಟ್ರ ಉದ್ರಿ ವಹಿಯೂ ಒಂದು ಲಾಯಲ್ಟಿ ಕಾರ್ಡೇ, ಅದಕ್ಕೆ ಓಟಿಪಿ ಬೇಡ. ಕಾರ್ಡು ಇಟ್ಟುಕೊಂಡವರು ಮಾತ್ರ ಇವತ್ತೇ ಪಾಯಿಂಟಿನ ಕೊನೆಯ ತಾರೀಖು ನೋಡಿಕೊಳ್ಳಿ.