ಶೀತದೇಶದ ಗಸಗಸೆ ಹೂವೂ ನಮ್ಮ ಹಿತ್ತಲೂ

ಗಸಗಸೆಯೆಂದೊಡನೆ ನಮ್ಮ ಸೀಮೆಯವರಿಗೆ ಪಾಯಸವು ನೆನಪಿಗೆ ಬರುವುದಲ್ಲದೆ ಹೂವು ನೆನಪಿಗೆ ಬರುವುದಿಲ್ಲ. ಹಬ್ಬದ ದಿನ ಹುರಿದು, ತೆಂಗಿನಕಾಯಿಯೊಡನೆ ಅರೆದು, ಬೆಲ್ಲದ ನೀರಿನಲ್ಲಿ ಕುದಿಸುವ ಆ ನುಣುಪಾದ ಬೀಜವು ಎಂಥ ಗಿಡದಲ್ಲಿ ಆಗುವುದೆಂಬುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬಹಳ ವಿರಳ. ಶೀತದೇಶಗಳಲ್ಲಾದರೋ ಸಂಗತಿಯು ಬೇರೆ. ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಗಸಗಸೆಯ ಕುಲಕ್ಕೆ ಸೇರಿದ ಹಲವು ಬಗೆಯ ಗಿಡಗಳನ್ನು ಮನೆಯ ಮುಂದಿನ ಹೂದೋಟದಲ್ಲಿ ಅಲಂಕಾರಕ್ಕಾಗಿಯೇ ಬೆಳೆಸುವರು. ಆಂಗ್ಲರು ಆ ಹೂವಿಗೆ "ಪಾಪಿ" ಎಂದು ಹೆಸರಿಟ್ಟಿರುವರು. ಹೆಸರು ನಮ್ಮ ಕಿವಿಗೆ ಒಳ್ಳೆಯದಾಗಿ ಕೇಳದಿದ್ದರೂ, ತೋಟದಲ್ಲಿ ಬೆಳೆಸುವ ಈ ಹೂಗಳಲ್ಲಿ ಹಲವು ನಿರಪರಾಧಿಗಳೇ. ಒಂದು ಮಾತ್ರ ನಮ್ಮ ದೇಶದ ಕಾಯಿದೆಯ ದೃಷ್ಟಿಯಲ್ಲಿ ಹಾಗಲ್ಲ. ಆ ಒಂದನ್ನು ಗುರುತಿಸಬಲ್ಲವರಾಗುವುದು ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ಏಕೆ ಅವಶ್ಯಕವೆಂಬುದನ್ನು ಇಲ್ಲಿ ತಿಳಿಸಲು ಯತ್ನಿಸುವೆನು.

ಕೆಲವು ಕಾಲದ ಹಿಂದೆ, ಮಳೆಗಾಲವು ಮುಗಿಯುವ ಹೊತ್ತಿನಲ್ಲಿ, ಮಲೆನಾಡಿನ ಒಂದು ಗ್ರಾಮಕ್ಕೆ ತನಿಖೆಗಾಗಿ ಹೋಗಿದ್ದೆನು. ಅಲ್ಲಿಯ ಗೌರವಸ್ಥರಾದ ಒಬ್ಬ ಜಮೀನುದಾರರು ಜಗಲಿಯ ಮೇಲೆ ಕುಳ್ಳಿರಿಸಿ ಕಾಫಿ ಕೊಟ್ಟು, ಒಂದು ಬೀಜದ ಪೊಟ್ಟಣವನ್ನು ನನ್ನ ಮುಂದಿಟ್ಟರು. ಅವರ ಮಗನು ಇಂಗ್ಲೆಂಡಿನಿಂದ ಬರುವಾಗ ತಾಯಿಯ ಹೂದೋಟಕ್ಕೆಂದು ತಂದದ್ದು. ಪೊಟ್ಟಣದ ಮೇಲೆ ಒತ್ತಾದ ದಳಗಳುಳ್ಳ ನಸುಗೆಂಪು ಹೂವಿನ ಚಿತ್ರವಿತ್ತು. "ಪಾತಿ ಸಿದ್ಧವಾಗಿದೆ, ಇನ್ಸ್‌ಪೆಕ್ಟರವರೇ; ಯಾವಾಗ ಬಿತ್ತೋಣ, ಹೇಳಿ" ಎಂದು ಕೇಳಿದರು. ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಸ್ಯಶಾಸ್ತ್ರದ ಹೆಸರಿತ್ತು: ಪಾಪಾವರ್ ಸೊಮ್ನಿಫೆರಮ್. "ಯಜಮಾನರೇ, ಇದು ಅಫೀಮಿನ ಗಿಡದ ಬೀಜ" ಎಂದೆನು. ಅವರು ಮೊದಲು ನಕ್ಕರು. ಆಮೇಲೆ, "ಅಂಗಡಿಯಲ್ಲಿ ಎಲ್ಲರೆದುರಿಗೆ ಮಾರುವ ಹೂವಿನ ಬೀಜವು ಅಪರಾಧವಾಗುವುದು ಹೇಗೆ?" ಎಂದು ಕೇಳಿದರು. ಪೊಟ್ಟಣವು ಆ ದಿನವೇ ಒಲೆಗೆ ಹೋಯಿತು. ಆದರೆ ಅವರು ಕೇಳಿದ ಪ್ರಶ್ನೆಯು ನ್ಯಾಯವಾದದ್ದು. ಅದಕ್ಕೆ ಉತ್ತರವು ದೊರೆಯಬೇಕಾದರೆ ಆ ಶೀತದೇಶದ ತೋಟವನ್ನೇ ಮೊದಲು ನೋಡಬೇಕು.

ಅಲ್ಲಿಯ ತೋಟಗಾರನಿಗೆ ಈ ಹೂವು ಪ್ರಿಯವಾಗಿರುವುದಕ್ಕೆ ಕಾರಣವು ಅದರ ಅಂದವೊಂದೇ ಅಲ್ಲ. ಇಷ್ಟು ಅಲ್ಪ ಖರ್ಚಿನಲ್ಲಿ, ಇಷ್ಟು ಅಲ್ಪ ಶ್ರಮದಲ್ಲಿ ಆಗುವ ಹೂವು ಬೇರೆ ವಿರಳ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಪಾತಿಯನ್ನು ಆರಿಸಿಕೊಂಡು ಮಣ್ಣನ್ನು ಹುಡಿಮಾಡಿ ಸಮಗೊಳಿಸುವರು. ಗೊಬ್ಬರವನ್ನು ಹೆಚ್ಚಾಗಿ ಹಾಕುವುದಿಲ್ಲ. ಹಾಕಿದರೆ ಗಿಡವು ಸೊಪ್ಪಿಗೆ ತಿರುಗುವುದು. ಬೀಜವು ಅತಿ ಸಣ್ಣದಾದುದರಿಂದ ಒಣಮರಳಿನೊಡನೆ ಬೆರಸಿ ಎರಚುವರು. ಇದು ಮೊಳೆಯುವುದಕ್ಕೆ ಬೆಳಕು ಸಹಾಯಕವಾದುದರಿಂದ ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಮೆಲ್ಲನೆ ಒತ್ತಿ ಬಿಡುವರು. ತಾಯಿಬೇರು ನೆಟ್ಟಗೆ ಇಳಿಯುವುದರಿಂದ ಸಸಿಯನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಆದಕಾರಣ ಬಿತ್ತಿದಲ್ಲಿಯೇ ಬೆಳೆಯಬಿಟ್ಟು, ಒತ್ತಾದ ಸಸಿಗಳನ್ನು ತೆಗೆದು, ಗಿಡಕ್ಕೂ ಗಿಡಕ್ಕೂ ಸುಮಾರು ಒಂದು ಗೇಣಿನ ಅಂತರ ಬಿಡುವರು. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಬಿತ್ತಿದ್ದು ಬೇಸಗೆಯಲ್ಲಿ ಹೂ ಬಿಡುವುದು. ಹಿಂದಿನ ಸೆಪ್ಟೆಂಬರಿನಲ್ಲಿಯೇ ಬಿತ್ತಿದ್ದು ಚಳಿಯನ್ನು ಸಹಿಸಿಕೊಂಡಿದ್ದು ಇನ್ನೂ ಮುಂಚಿತವಾಗಿ, ಇನ್ನೂ ಬಲವಾಗಿ ಅರಳುವುದು. ಒಂದೊಂದು ಹೂವಿನ ಆಯುಸ್ಸು ಒಂದೆರಡು ದಿನವಾದರೂ ಮೊಗ್ಗುಗಳು ಒಂದರ ಹಿಂದೊಂದು ಬರುತ್ತಲೇ ಇರುವುವು.

ಈ ಹೂವಿನಲ್ಲಿ ತಳಿಯ ಆಯ್ಕೆಯ ಪಾಠವೂ ಒಂದುಂಟು. ಇಂಗ್ಲೆಂಡಿನ ಶರ್ಲಿ ಎಂಬ ಊರಿನಲ್ಲಿ ಕ್ರೈಸ್ತ ಪಾದ್ರಿಗಳಾಗಿದ್ದ ವಿಲಿಯಂ ವಿಲ್ಕ್ಸ್ ಎಂಬವರು 1880ರಲ್ಲಿ ತಮ್ಮ ತೋಟದ ಒಂದು ಮೂಲೆಯಲ್ಲಿ ಹೊಲಗಳ ಕೆಂಪು ಕಾಡುಗಸಗಸೆಯ ನಡುವೆ ದಳದ ಅಂಚು ಮಾತ್ರ ಬೆಳ್ಳಗಿದ್ದ ಒಂದೇ ಒಂದು ಹೂವನ್ನು ಕಂಡರು. ಅದಕ್ಕೆ ಗುರುತುಮಾಡಿ ಬೀಜವನ್ನು ಕೂಡಿಟ್ಟರು. ಮರುವರ್ಷ ಸುಮಾರು ಇನ್ನೂರು ಗಿಡಗಳಲ್ಲಿ ನಾಲ್ಕೈದರಲ್ಲಿ ಮಾತ್ರ ಆ ಬಿಳಿಯ ಅಂಚು ಕಂಡಿತು. ಹೀಗೆ ವರ್ಷವರ್ಷವೂ ಮೇಲಾದವುಗಳನ್ನು ಉಳಿಸಿ ಬೇಡವಾದವುಗಳನ್ನು ಕಿತ್ತುಹಾಕುತ್ತ, ಹೂವಿನ ನಡುವಣ ಕಪ್ಪನ್ನು ಸಹ ನೀಗಿಸಿ, ಬಿಳುಪು, ನಸುಗೆಂಪು, ಕೆಂಪು ಮೊದಲಾದ ಬಣ್ಣಗಳ ಶರ್ಲಿ ತಳಿಯನ್ನು ಹೊರಡಿಸಿದರು. ಹೊಲದ ಕಳೆಯೊಂದು ಕಣ್ಣಿಟ್ಟು ನೋಡಿದವರೊಬ್ಬರ ತಾಳ್ಮೆಯಿಂದ ಲೋಕಪ್ರಸಿದ್ಧವಾದ ಹೂವಾಯಿತು. ರಾಗಿಯ ಹೊಲದಲ್ಲಿ ಮೇಲಾದ ತೆನೆಯನ್ನು ಬೀಜಕ್ಕೆಂದು ಆರಿಸಿಡುವ ನಮ್ಮ ರೈತನು ಮಾಡುವುದೂ ಇದೇ ಕೆಲಸ.

ಆದರೆ ಈ ಕುಲದ ಇನ್ನೊಂದು ಗುಣವನ್ನು ಭೂಮಾಲಿಕರು ಮರೆಯತಕ್ಕದ್ದಲ್ಲ. ಕಾಯಿ ಬಲಿತಾಗ ಅದರ ಮುಚ್ಚಳದ ಕೆಳಗೆ ಸಣ್ಣ ರಂಧ್ರಗಳು ತೆರೆಯುವುವು. ಕಾಯಿಯು ಗಾಳಿಗೆ ತೊನೆದಾಡಿದಾಗ ಜರಡಿಯಿಂದ ಹಿಟ್ಟು ಉದುರುವಂತೆ ಬೀಜವು ಸುತ್ತಲೂ ಉದುರುವುದು. ಪುಷ್ಟವಾದ ಒಂದು ಕಾಡುಗಸಗಸೆಯ ಗಿಡವು ಹತ್ತು ಸಾವಿರಕ್ಕೂ ಮೀರಿ ಬೀಜ ಬಿಡಬಲ್ಲದು. ಮಣ್ಣಿನೊಳಗೆ ಹೂತುಹೋದ ಬೀಜವು ಹಲವು ದಶಕಗಳವರೆಗೆ ಜೀವ ಹಿಡಿದುಕೊಂಡಿದ್ದು, ಭೂಮಿಯು ಅಗೆಯಲ್ಪಟ್ಟು ಬೆಳಕು ಸೋಕಿದಾಗ ಮೊಳೆಯುವುದು. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆಯ ನೆಲವು ಗುಂಡುಗಳಿಂದಲೂ ಕಂದಕಗಳಿಂದಲೂ ತಲೆಕೆಳಗಾದಾಗ ಸೈನಿಕರ ಸಮಾಧಿಗಳ ನಡುವೆ ಈ ಕೆಂಪು ಹೂಗಳು ಎದ್ದವು. 1915ರಲ್ಲಿ ಕೆನಡಾ ದೇಶದ ವೈದ್ಯಾಧಿಕಾರಿ ಜಾನ್ ಮೆಕ್ರೇ ಎಂಬವರು ಅದನ್ನು ಕುರಿತು ಕವಿತೆ ಬರೆದರು. 1921ರಿಂದ ಆ ಹೂವು ಬ್ರಿಟನ್ನಿನಲ್ಲಿ ಮಡಿದ ಯೋಧರ ಸ್ಮರಣೆಯ ಚಿಹ್ನೆಯಾಗಿರುವುದು. ಆ ಹೂಗಳನ್ನು ಯಾರೂ ಬಿತ್ತಿದ್ದಲ್ಲ. ಹಿಂದೆಂದೋ ಉದುರಿದ ಬೀಜವು ಕಾಲ ಕಾದು ಎದ್ದಿತು, ಅಷ್ಟೆ. ಬಿತ್ತಿದವನು ಮರೆತರೂ ಭೂಮಿಯು ಮರೆಯುವುದಿಲ್ಲ ಎಂಬ ಮಾತು ಈ ಕುಲದ ಗಿಡಗಳಿಗೆ ಚೆನ್ನಾಗಿ ಒಪ್ಪುವುದು.

ಈಗ ಜಮೀನುದಾರರ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನಲ್ಲಿ ಅಫೀಮಿನ ಗಸಗಸೆಯನ್ನು ಸಹ ಅಲಂಕಾರಕ್ಕಾಗಿ ತೋಟದಲ್ಲಿ ಬೆಳೆಸುವುದು ಅಪರಾಧವಲ್ಲ. ಅದರಿಂದ ಅಫೀಮನ್ನು ತೆಗೆಯುವುದು ಅಪರಾಧ. ನಮ್ಮ ದೇಶದಲ್ಲಿ ಹಾಗಲ್ಲ. 1985ನೆಯ ಇಸವಿಯ ಮಾದಕ ದ್ರವ್ಯಗಳ ಕಾಯಿದೆಯಂತೆ ಪರವಾನಗಿಯಿಲ್ಲದೆ ಈ ಗಿಡದ ಸಾಗುವಳಿ ಮಾಡುವುದೇ ಅಪರಾಧ. ಹತ್ತು ವರ್ಷಗಳವರೆಗೆ ಸೆರೆಮನೆ ವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸಬಹುದು. ಪರವಾನಗಿಯನ್ನು ಕೇಂದ್ರ ಸರ್ಕಾರದವರು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಮಾಡಿದ ಪ್ರದೇಶಗಳಲ್ಲಿ ಮಾತ್ರ ಔಷಧಗಳ ಸಲುವಾಗಿ ಕೊಡುವರು. ಕರ್ನಾಟಕದಲ್ಲಿ ಅಂಥ ಪ್ರದೇಶವಿಲ್ಲ. ತಿಳಿಯದೆ ಬಿತ್ತಿದೆನೆಂದು ಹೇಳುವವನು ಆ ಮಾತನ್ನು ನ್ಯಾಯಸ್ಥಾನದಲ್ಲಿ ತಾನೇ ಸ್ಥಾಪಿಸಬೇಕಾಗುವುದು.

ಅದೇ ಕಾಯಿದೆಯ 46ನೆಯ ಕಲಮು ಭೂಮಿಯ ಹಿಡುವಳಿದಾರನನ್ನೂ, 47ನೆಯ ಕಲಮು ಪಂಚಾಯಿತಿಯ ಸದಸ್ಯರು, ಮುಖ್ಯಸ್ಥರು, ಸರ್ಕಾರದ ನೌಕರರು ಮತ್ತು ಗ್ರಾಮದ ಎಲ್ಲಾ ಬಗೆಯ ಅಧಿಕಾರಿಗಳನ್ನೂ ಹೆಸರಿಸಿ ಹೇಳುವುವು. ಅಕ್ರಮ ಸಾಗುವಳಿಯು ತಿಳಿದುಬಂದ ಕೂಡಲೆ ಪೊಲೀಸಿನವರಿಗಾಗಲಿ ಸಂಬಂಧಪಟ್ಟ ಇಲಾಖೆಯವರಿಗಾಗಲಿ ತಿಳಿಸತಕ್ಕದ್ದು. ತಿಳಿಸದೆ ಉದಾಸೀನ ಮಾಡಿದರೆ ಅವರೂ ಶಿಕ್ಷೆಗೆ ಗುರಿಯಾಗುವರು. ಬಿತ್ತಿದವನೊಬ್ಬ, ಉತ್ತರ ಹೇಳಬೇಕಾದವರು ಹಲವರು. ಅಲ್ಲದೆ, ಈ ವರ್ಷ ಕಿತ್ತೆಸೆದರೂ ಉದುರಿದ ಬೀಜವು ಮುಂದಿನ ಉಳುಮೆಯಲ್ಲಿ ಮತ್ತೆ ಏಳಬಹುದು. ಶೀತದೇಶದ ತೋಟಗಾರನಿಗೆ ಯಾವುದು ಅನುಕೂಲವೋ ಅದೇ ನಮ್ಮ ಭೂಮಾಲಿಕನಿಗೆ ವರ್ಷಾನುವರ್ಷದ ತೊಡಕಾಗುವುದು.

ಈ ಕಾರಣದಿಂದ ಗಸಗಸೆಯ ಕುಲದ ಹೂಗಳನ್ನೆಲ್ಲಾ ತೋಟದಿಂದ ಹೊರಗಿಡುವುದೇ ಲೇಸೆಂದು ಕೆಲವರು ಹೇಳುವರು. ನಾನು ಅದನ್ನು ಒಪ್ಪೆನು. ಗುರುತಿಲ್ಲದ ಭಯವು ಗುರುತಿಲ್ಲದ ಧೈರ್ಯದಷ್ಟೇ ಅಪಾಯಕರ. ಒಬ್ಬರ ಮೇಲಣ ಹಗೆಯಿಂದ ಇನ್ನೊಬ್ಬರು ಶಾಲೆಯ ತೋಟದ ನಿರ್ದೋಷಿಯಾದ ಹೂವನ್ನು ತೋರಿಸಿ ದೂರು ಕೊಟ್ಟರೆ ಮುಖಂಡರು ಏನು ಮಾಡುವರು? ಗಿಡದ ಪರಿಚಯವಿದ್ದವರಿಗೆ ಮಾತ್ರ ನ್ಯಾಯ ಹೇಳಲು ಸಾಧ್ಯ. ಗುರುತುಗಳಾದರೋ ಕಷ್ಟದವಲ್ಲ. ಹೂವಿನ ಬಣ್ಣವನ್ನು ನಂಬಬಾರದು. ಅಫೀಮಿನ ಗಸಗಸೆಯಲ್ಲಿ ಬಿಳಿ, ನೇರಳೆ, ಕೆಂಪು, ಒಂಟಿದಳ, ಒತ್ತುದಳ ಎಲ್ಲವೂ ಉಂಟು. ಎಲೆಯನ್ನು ನೋಡಬೇಕು. ಅದರ ಎಲೆಯು ಅಗಲವಾಗಿ, ಹೆಚ್ಚುಕಡಮೆ ರೋಮವಿಲ್ಲದೆ, ಎಲೆಕೋಸಿನ ಎಲೆಯಂತೆ ಬೂದಿ ಬಳಿದ ನೀಲಿಹಸುರಾಗಿರುವುದು. ಮೇಲಣ ಎಲೆಗಳು ತೊಟ್ಟಿಲ್ಲದೆ ಕಾಂಡವನ್ನು ತಬ್ಬಿಕೊಂಡಿರುವುವು. ಕಾಯಿಯು ದಪ್ಪನಾಗಿ ಗುಂಡಗಿದ್ದು ತಲೆಯ ಮೇಲೆ ಕಿರೀಟದಂಥ ಬಿಲ್ಲೆಯಿರುವುದು. ಶರ್ಲಿ ತಳಿಯಾದರೋ ಹಸುರಾಗಿ, ಸಣ್ಣಗೆ ಸೀಳಿದ ಎಲೆಯುಳ್ಳದ್ದಾಗಿ, ಕಾಂಡದ ತುಂಬ ಒರಟು ರೋಮವುಳ್ಳದ್ದಾಗಿರುವುದು, ಕಾಯಿಯೂ ಚಿಕ್ಕದು. ಕ್ಯಾಲಿಫೋರ್ನಿಯಾ ಗಸಗಸೆಯೆಂಬುದರ ಹೂವು ಕಿತ್ತಳೆಬಣ್ಣ, ಎಲೆಯು ನವುರಾದ ಎಳೆಗಳಂತೆ, ಕಾಯಿಯು ಉದ್ದನೆಯ ಕಡ್ಡಿಯಂತೆ. ನಮ್ಮ ದಾರಿಯ ಬದಿಗಳಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳುದತ್ತೂರಿಯೂ ಇದೇ ವಂಶದ್ದು. ಅದರ ಬೀಜದ ಎಣ್ಣೆಯು ವಿಷವಾದರೂ ಅದು ಅಫೀಮಿನ ಗಿಡವಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವೆನು. ಈ ಹೂವಿನ ಆಸೆಯುಳ್ಳವರು ಬೆಂಗಳೂರು, ಕೊಡಗು, ಚಿಕ್ಕಮಗಳೂರು ಮೊದಲಾದ ತಂಪು ಸೀಮೆಗಳಲ್ಲಿ ಮಳೆಯು ನಿಂತ ಮೇಲೆ ಶರ್ಲಿ ತಳಿಯನ್ನೋ ಕ್ಯಾಲಿಫೋರ್ನಿಯಾದ್ದನ್ನೋ ಮೇಲೆ ಹೇಳಿದ ಕ್ರಮದಲ್ಲಿ ಬಿತ್ತಿ ಚಳಿಗಾಲದ ಹೂವನ್ನು ಪಡೆಯಲಿ. ಬೀಜವನ್ನು ನಮ್ಮ ದೇಶದ ನಂಬಿಕೆಯುಳ್ಳ ವ್ಯಾಪಾರಿಗಳಿಂದ ಸಸ್ಯಶಾಸ್ತ್ರದ ಹೆಸರನ್ನು ನೋಡಿಯೇ ಕೊಳ್ಳಲಿ. ಪರದೇಶದಿಂದ ಬಂದ ಪೊಟ್ಟಣವನ್ನು ಬಿತ್ತದಿರಲಿ. "ಪಿಯೊನಿ ಪಾಪಿ," "ಬ್ರೆಡ್‌ಸೀಡ್ ಪಾಪಿ" ಎಂಬ ಸೊಗಸಾದ ಹೆಸರುಗಳೆಲ್ಲಾ ಅಫೀಮಿನ ಗಿಡಕ್ಕೇ ಇಟ್ಟವು. ಅಲ್ಲದೆ 2003ರ ಸಸ್ಯ ಕ್ವಾರಂಟೈನ್ ಆಜ್ಞೆಯು ಹೊರದೇಶದ ಬೀಜಗಳ ಆಮದಿಗೆ ಕಟ್ಟುಪಾಡುಗಳನ್ನಿಟ್ಟಿರುವುದು. ಅಡಿಗೆಮನೆಯ ಗಸಗಸೆಯೂ ಇದೇ ಗಿಡದ ಬೀಜವಾದುದರಿಂದ ಕುತೂಹಲಕ್ಕಾಗಿ ಕೂಡ ಹಿತ್ತಲಿಗೆ ಚೆಲ್ಲಬಾರದು. ಸಂಶಯದ ಗಿಡವು ಕಂಡರೆ ಗುಟ್ಟಾಗಿ ಕಿತ್ತು ಮುಚ್ಚಿಡದೆ ಕೂಡಲೆ ತಿಳಿಸತಕ್ಕವರಿಗೆ ತಿಳಿಸಬೇಕು. ಯಾವ ಗಿಡವೆಂದು ಗೊತ್ತಾಗದಿದ್ದರೆ ಸಮೀಪದ ವ್ಯವಸಾಯ ಇಲಾಖೆಯ ಕಚೇರಿಯವರನ್ನು ಕರೆಯಿಸಿ ತೋರಿಸಬೇಕು. 

ಆ ಜಮೀನುದಾರರು ಮರುವರ್ಷ ಅದೇ ಪಾತಿಯಲ್ಲಿ ಶರ್ಲಿ ತಳಿಯನ್ನು ಬಿತ್ತಿದರು. ನಾನು ಹೋದಾಗ ಮನೆಯ ಯಜಮಾನಿಯವರು ಬಂದವರಿಗೆಲ್ಲಾ ಅದರ ರೋಮದ ಕಾಂಡವನ್ನೂ ಸೀಳೆಲೆಯನ್ನೂ ತೋರಿಸಿ, "ಇದು ಆ ಗಿಡವಲ್ಲ" ಎಂದು ವಿವರಿಸುತ್ತಿದ್ದರು. ಪ್ರತಿ ಗ್ರಾಮದಲ್ಲಿಯೂ ಹೀಗೆ ಗುರುತಿಸಬಲ್ಲವರು ಒಬ್ಬಿಬ್ಬರಾದರೂ ಇರಬೇಕೆಂದು ವಾಚಕ ಮಹಾಶಯರಲ್ಲಿ ವಿಜ್ಞಾಪಿಸಿಕೊಳ್ಳುವೆನು.

— ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರ್