ತೊಟ್ಟಿಲನ್ನು ಕಾಯುವ ಕಣ್ಣಿಗೆ ಬಟ್ಟೆ ಕಟ್ಟಬೇಡಿ

‘ಸರಳೀಕರಣ’ ಎಂಬ ಮಂತ್ರವೊಂದು ಕೆಲವು ವರ್ಷಗಳಿಂದ ಸರಕಾರಿ ಕಛೇರಿಗಳಲ್ಲಿಯೂ ಮಾಲಿಕರ ಸಂಘಗಳಲ್ಲಿಯೂ ಕೇಳಿಬರುತ್ತಿದೆ. ರೇಷನ್ ಕಾರ್ಡಿಗಾಗಿ ಆರು ಸಲ ತಾಲ್ಲೂಕು ಕಛೇರಿಗೆ ಅಲೆಯುವ ಮುದುಕಿಯ ಪಾಡು ಸರಳವಾಗಲಿ ಎಂದು ಈ ಮಂತ್ರವನ್ನು ಯಾರಾದರೂ ಜಪಿಸಿದ್ದನ್ನು ನಾವು ಕಾಣೆವು. ಸರಳವಾಗಬೇಕಾದದ್ದು ತಪಾಸಣೆಯಂತೆ! ಕಾರ್ಖಾನೆಯ ತಪಾಸಣೆ ಸರಳವಾಗಬೇಕು, ಕೂಲಿಯ ಲೆಕ್ಕದ ತಪಾಸಣೆ ಸರಳವಾಗಬೇಕು, ಅವುಗಳ ಜೊತೆಗೇ ದುಡಿಯುವ ತಾಯಂದಿರು ತಮ್ಮ ಹಸುಗೂಸುಗಳನ್ನು ನಂಬಿ ಬಿಟ್ಟುಹೋಗುವ ಶಿಶುಪಾಲನಾ ಕೇಂದ್ರಗಳ ತಪಾಸಣೆಯೂ ಸರಳವಾಗಬೇಕು. ಕೇಳಲು ಇಂಪಾದ ಈ ಮಾತಿನ ಒಳಗೆ ಏನಿದೆಯೆಂದು ನಮ್ಮ ವಾಚಕರು ಬಿಚ್ಚಿ ನೋಡಬೇಕು.

ಎದುರು ಪಕ್ಷದವರ ಮಾತಿನಲ್ಲಿರುವಷ್ಟು ಸತ್ಯವನ್ನು ಮೊದಲು ಒಪ್ಪಿಬಿಡೋಣ. ಬೀದಿಯ ಹತ್ತು ಮಕ್ಕಳನ್ನು ತನ್ನ ನಡುಮನೆಯಲ್ಲಿ ನೋಡಿಕೊಂಡು ಹೊಟ್ಟೆ ಹೊರೆಯುವ ಹೆಂಗಸೊಬ್ಬಳು ಪರವಾನಗಿ ಕೇಳಲು ಹೋದರೆ ಒಂದು ಮೇಜು ಇನ್ನೊಂದು ಮೇಜನ್ನು ತೋರಿಸುತ್ತದೆ. ನೋಡಲು ಬಂದವನು ತೊಟ್ಟಿಲನ್ನು ನೋಡುವುದಿಲ್ಲ, ಆಕೆಯ ಸೆರಗಿನ ಗಂಟನ್ನು ನೋಡುತ್ತಾನೆ. ಇದು ನಿಲ್ಲಬೇಕು. ಒಂದೇ ಅರ್ಜಿ, ಒಂದೇ ಕಛೇರಿ, ಇಂತಿಷ್ಟು ದಿನಗಳಲ್ಲಿ ಉತ್ತರ ಎಂಬ ಕಟ್ಟು ಬರುವುದಾದರೆ ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ತಪಾಸಣೆಗೆ ಬಂದವನು ಲಂಚ ತಿನ್ನುತ್ತಾನೆಂದು ತಪಾಸಣೆಯನ್ನೇ ಕಡಿಮೆ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಅದೂ ಅಲ್ಲದೆ, ಈ ಬಡ ಹೆಂಗಸನ್ನು ಮುಂದೆ ನಿಲ್ಲಿಸಿ, ಆಕೆಯ ಬೆನ್ನ ಹಿಂದಿನಿಂದ ಒಳಗೆ ನುಸುಳುವವರು ಯಾರು? ಐನೂರು ಸಾವಿರ ಹೆಂಗಸರನ್ನು ದುಡಿಸುವ ಕಾರ್ಖಾನೆದಾರರು, ತಿಂಗಳಿಗೆ ಸಾವಿರಾರು ರೂಪಾಯಿ ಶುಲ್ಕ ಎತ್ತುವ ನಗರದ ಡೇಕೇರ್ ಕಂಪನಿಗಳವರು.

ಮಗುವಿನ ಕೋಣೆ ಮಾಲಿಕನ ದಾನವಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 48ನೆಯ ಕಲಮು ಅದನ್ನು ಕಡ್ಡಾಯ ಮಾಡಿತ್ತು. ಮೊದಲು 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಎಂದಿದ್ದದ್ದನ್ನು 1976ರಲ್ಲಿ 30ಕ್ಕೆ ಇಳಿಸಲಾಯಿತು. ಕೋಣೆಯಲ್ಲಿ ಗಾಳಿ ಬೆಳಕು ಇರಬೇಕು, ಚೊಕ್ಕಟವಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ವಶದಲ್ಲಿರಬೇಕು ಎಂದು ಕಾಯಿದೆಯಲ್ಲೇ ಬರೆದಿತ್ತು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ 1951ರ ಪ್ಲಾಂಟೇಷನ್ ಕಾಯಿದೆ ಇಂಥದೇ ಹೊಣೆ ಹೊರಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳೂ ಶಿಶುಕೇಂದ್ರ ಇಡಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದೆಂದೂ ವಿಧಿಸಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಖಾನೆಗಳಿಗೆ ಈಗ 50ಕ್ಕಿಂತ ಹೆಚ್ಚು ಕೆಲಸಗಾರರು ಎಂಬುದೇ ಅಳತೆ. ಗಂಡಸರನ್ನೂ ಲೆಕ್ಕಕ್ಕೆ ಹಿಡಿದದ್ದು ಒಳ್ಳೆಯದೇ, ಮಗು ತಾಯಿಯೊಬ್ಬಳದೇ ಅಲ್ಲ. ಆದರೆ ಬರೀ 40 ಹೆಂಗಸರೇ ದುಡಿಯುವ ಕಾರ್ಖಾನೆಯೊಂದಿದ್ದರೆ, ನಿನ್ನೆ ಕಾಯಿದೆಯ ಒಳಗಿದ್ದ ಅಲ್ಲಿಯ ತೊಟ್ಟಿಲು ಇಂದು ಹೊರಗೆ ಬಿತ್ತು. ಇನ್ನು ಹಳೆಯ ಇನ್‌ಸ್ಪೆಕ್ಟರನ ಗತಿ ಏನಾಯಿತು? ಆತನಿಗೆ ‘ಇನ್‌ಸ್ಪೆಕ್ಟರ್ ಕಂ ಫೆಸಿಲಿಟೇಟರ್’ ಎಂಬ ಬಿರುದು ಸಿಕ್ಕಿತು. ಎಂದರೆ ತಪ್ಪು ಹಿಡಿಯುವವನೂ ಅವನೇ, ಅನುಕೂಲ ಮಾಡಿಕೊಡುವವನೂ ಅವನೇ. ಯಾರಿಗೆ ಅನುಕೂಲ? ಬಿರುದು ಕೊಟ್ಟವರು ಅದನ್ನು ಹೇಳಲಿಲ್ಲ. ಒಳಹೋಗುವ ಅಧಿಕಾರವನ್ನು ಆತನಿಂದ ಕಿತ್ತುಕೊಂಡಿಲ್ಲ, ನಿಜ. ಆದರೆ ಯಾರ ಬಾಗಿಲು ತಟ್ಟಬೇಕೆಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಎತ್ತಿ ಹೇಳುವ ಪದ್ಧತಿ ಕೇಂದ್ರದಲ್ಲಿ 2014ರಲ್ಲೇ ಮೊದಲಾಯಿತು, ಸಂಹಿತೆ ಅದಕ್ಕೆ ಕಾಯಿದೆಯ ಮುದ್ರೆ ಒತ್ತಿತು. ಸಾಮಾಜಿಕ ಭದ್ರತಾ ಸಂಹಿತೆಯ ಕೆಳಗೆ, ತಪ್ಪು ಕಂಡರೂ ಮೊಕದ್ದಮೆ ಹೂಡುವ ಮುಂಚೆ ಮಾಲಿಕನಿಗೆ ತಿದ್ದಿಕೊಳ್ಳಲು ವಾಯಿದೆ ಕೊಡಬೇಕು. ರಿಜಿಸ್ಟರಿನ ತಪ್ಪಾದರೆ ವಾಯಿದೆ ಕೊಡಲಿ, ನಮ್ಮ ತಕರಾರಿಲ್ಲ. ಬೀಗ ಹಾಕಿದ ಬಾಗಿಲ ಹಿಂದಿರುವ ಕೂಸಿಗೆ ಯಾರು ವಾಯಿದೆ ಕೊಡುತ್ತಾರೆ?

ಮುಂದಾಗಿ ತಿಳಿದ ತಪಾಸಣೆಯ ಬೆಲೆ ಎಷ್ಟೆಂಬುದು ಶಾಲಾಮಾಸ್ತರಿಕೆ ಮಾಡಿ ಬಂದ ನಮಗೆ ಚೆನ್ನಾಗಿ ಗೊತ್ತು. ಇಲಾಖೆಯ ಸಾಹೇಬರು ಸೋಮವಾರ ಬರುತ್ತಾರೆಂದು ಶುಕ್ರವಾರವೇ ಸುದ್ದಿ ಬರುತ್ತಿತ್ತು. ಶನಿವಾರ ಗೋಡೆಗೆ ಸುಣ್ಣ. ಪಕ್ಕದೂರಿನ ಶಾಲೆಯಿಂದ ಭೂಪಟ ಮತ್ತು ತಕ್ಕಡಿ ಎರವಲು. ಬಾಯಿ ಚುರುಕಿನ ಹುಡುಗರು ಮುಂದಿನ ಸಾಲಿಗೆ, ಮೂಗು ಸುರಿಸುವವರು ಹಿಂದಕ್ಕೆ, ಇನ್ನೂ ಕೆಲವರಿಗೆ ಆ ದಿನ ರಜೆ. ಸಾಹೇಬರು ಕಾಫಿ ಕುಡಿದು ‘ತೃಪ್ತಿಕರ’ ಎಂದು ಬರೆದು ಹೋಗುತ್ತಿದ್ದರು. ಸಂಜೆಗೆ ಭೂಪಟ ತನ್ನ ಊರಿಗೆ, ಸೋರುವ ಮಾಡು ಎಂದಿನಂತೆ ನಮ್ಮ ತಲೆಯ ಮೇಲೆ. ಆ ಸುಣ್ಣದ ಬಕೆಟ್ಟನ್ನು ನಾವೂ ಹಿಡಿದಿದ್ದೇವೆ. ಹಿಡಿದ ನಾಚಿಕೆಯಿಂದಲೇ ಈ ಮಾತು ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಹೆಂಗಸರು ಮೊನ್ನೆ ನಮ್ಮೊಡನೆ ಕೂತು ಹೇಳಿದ್ದು ಇದೇ ಕಥೆಯ ಮುಂದಿನ ಭಾಗ. ಕಾರ್ಖಾನೆಯ ಹೆಸರು ಇಲ್ಲಿ ಬೇಡ, ಹೇಳಿದವರ ಕೆಲಸ ಉಳಿಯಬೇಕು. “ಮೇಷ್ಟ್ರೇ, ಸಾಹೇಬ್ರು ಬರೋ ದಿನ ಗೊಂಬೆ ಎಲ್ಲ ಬೀರುವಿಂದ ಈಚೆಗೆ ಬರ್ತವೆ. ಅವತ್ತು ಮಗೀನ ಕರ್ಕೊಂಡು ಬನ್ನಿ ಅಂತ ಅವರೇ ಹೇಳ್ತಾರೆ. ಸಾಹೇಬ್ರು ಕಾರು ಹತ್ತಿದ ಮೇಲೆ ಗೊಂಬೆ ಬೀರುಗೆ, ನಮ್ಮ ಮಕ್ಕಳು ಅವ್ವನ ಮನೆಗೆ,” ಎಂದಳು ಒಬ್ಬಾಕೆ. ಆಕೆಯ ಒಂದೂವರೆ ವರ್ಷದ ಮಗುವನ್ನು ಹಗಲೆಲ್ಲ ಎಂಟು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಆ ಅಕ್ಕ ಶಾಲೆ ಬಿಟ್ಟಿದ್ದಾಳೆ. ಕಾಗದದ ಮೇಲೆ ಅಲ್ಲಿ ಶಿಶುಕೇಂದ್ರವಿದೆ, ತಪಾಸಣೆಯೂ ಆಗಿದೆ.

ಇಲ್ಲಿಯೇ ಮಾತಿನ ತಿರುಳಿದೆ. ಕೂಲಿ ಕಡಿಮೆ ಕೊಟ್ಟರೆ ಕೂಲಿಕಾರ ಕೇಳಬಲ್ಲ. ತೂಕದಲ್ಲಿ ಮೋಸವಾದರೆ ಗಿರಾಕಿ ಅಂಗಡಿ ಬದಲಿಸಬಲ್ಲ. ಎಂಟು ತಿಂಗಳ ಕೂಸು ಯಾರಿಗೆ ಅರ್ಜಿ ಬರೆಯಬೇಕು? ಒದ್ದೆ ಬಟ್ಟೆಯಲ್ಲಿ ಮೂರು ಗಂಟೆ ಮಲಗಿದ್ದೆ, ಹಾಲಿಗೆ ನೀರು ಬೆರೆತಿತ್ತು, ಅತ್ತಾಗ ಹೊಡೆದರು ಎಂದು ಅದು ಸಂಜೆ ತಾಯಿಗೆ ಹೇಳಬಲ್ಲುದೆ? ತಾಯಿಗಾದರೂ ಕಾಣುವುದು ಬಾಗಿಲಲ್ಲಿ ಕೊಡುವಾಗಿನ ನಗು, ಬಾಗಿಲಲ್ಲಿ ತೆಗೆದುಕೊಳ್ಳುವಾಗಿನ ನಗು. ನಡುವಿನ ಎಂಟು ಗಂಟೆಗಳನ್ನು ನೋಡಲು ಆಕೆಗೆ ಬಿಡುವಿಲ್ಲ, ಬಿಡುವಿದ್ದರೆ ಮಗುವನ್ನು ಅಲ್ಲಿ ಬಿಡುತ್ತಲೇ ಇರಲಿಲ್ಲ. ಆದುದರಿಂದ ಹೇಳದೆ ಕೇಳದೆ ಒಳಗೆ ಕಾಲಿಡುವ ತಪಾಸಣೆಗಾರನೇ ಆ ಕೂಸಿನ ಬಾಯಿ. ‘ನಾವು ಸರಿಯಾಗಿದ್ದೇವೆ’ ಎಂದು ಮಾಲಿಕನೇ ಬರೆದು ರುಜು ಹಾಕಿಕೊಳ್ಳುವ ಸ್ವಯಂ ಪ್ರಮಾಣಪತ್ರವು ಕುರಿ ಕಾಯಲು ತೋಳನನ್ನು ನೇಮಿಸಿದಂತೆ.

ಇದು ಬರಿಯ ಬೆದರಿಕೆಯ ಮಾತೆನ್ನುವವರು ಮೆಕ್ಸಿಕೋ ದೇಶದ ಎರ್ಮೊಸಿಯೊ ಪಟ್ಟಣದ ಕಥೆ ಕೇಳಲಿ. ಅಲ್ಲಿಯ ಸಾಮಾಜಿಕ ವಿಮಾ ಸಂಸ್ಥೆ ದುಡಿಯುವ ತಾಯಂದಿರ ಮಕ್ಕಳ ಪಾಲನೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತ್ತು. ಹಾಗೆ ನಡೆಯುತ್ತಿದ್ದ ಎ.ಬಿ.ಸಿ. ಶಿಶುಕೇಂದ್ರ ಹಳೆಯ ಗೋದಾಮಿನ ಕಟ್ಟಡದಲ್ಲಿತ್ತು. 2009ರ ಜೂನ್ 5ರಂದು ಪಕ್ಕದ ಸರಕಾರಿ ದಾಸ್ತಾನು ಕೋಣೆಯಲ್ಲಿ ಹುಟ್ಟಿದ ಬೆಂಕಿ ಛಾವಣಿಯ ಕೆಳಗಿನಿಂದ ಹರಿದು ಬಂತು. ತುರ್ತು ಬಾಗಿಲು ತೆರೆಯಲಿಲ್ಲ. ಒಬ್ಬಾತ ತನ್ನ ಗಾಡಿಯನ್ನೇ ಗೋಡೆಗೆ ಗುದ್ದಿ ದಾರಿ ಮಾಡಿದ. 49 ಮಕ್ಕಳು ಸತ್ತವು. ಆ ಕೇಂದ್ರಕ್ಕೂ ತಪಾಸಣೆಯಾಗಿತ್ತು, ಕಾಗದವೆಲ್ಲ ಸರಿಯಾಗಿತ್ತು! ತಂದೆತಾಯಿಗಳು ಎರಡು ವರ್ಷ ಬೀದಿಯಲ್ಲಿ ಹೋರಾಡಿದ ಮೇಲೆ 2011ರಲ್ಲಿ ಶಿಶುಪಾಲನೆಗೆ ಹೊಸ ಕಾಯಿದೆ ಬಂತು. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಅಷ್ಟು ದೂರವೇಕೆ? 2004ರ ಜುಲೈ 16ರಂದು ನಮ್ಮ ನೆರೆಯ ಕುಂಭಕೋಣದ ಶಾಲೆಯಲ್ಲಿ ಅಡಿಗೆಮನೆಯ ಗರಿಯ ಮಾಡಿಗೆ ಹತ್ತಿದ ಬೆಂಕಿ 94 ಮಕ್ಕಳನ್ನು ನುಂಗಿತು. ಗರಿಯ ಮಾಡನ್ನು ಕಾಣಲು ಯಾವ ದುರ್ಬೀನು ಬೇಕಿತ್ತು? ಕಣ್ಣಿಟ್ಟು ನೋಡುವ ಒಬ್ಬ ಮನುಷ್ಯ ಸಾಕಿತ್ತು.

ನಮ್ಮ ಬೇಡಿಕೆ ಹೊಸದೂ ಅಲ್ಲ, ಅತಿಯಾದದ್ದೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1947ರ 81ನೆಯ ಒಪ್ಪಂದಕ್ಕೆ ಭಾರತ 1949ರಲ್ಲಿಯೇ ಸಮ್ಮತಿ ಕೊಟ್ಟಿದೆ. ತಪಾಸಣೆಗಾರನು ಹಗಲಾಗಲಿ ಇರುಳಾಗಲಿ ಮುನ್ಸೂಚನೆಯಿಲ್ಲದೆ ಕೆಲಸದ ಸ್ಥಳವನ್ನು ಹೊಗಬಹುದು, ಅಗತ್ಯವಿದ್ದಷ್ಟು ಸಲ ಅಗತ್ಯವಿದ್ದಷ್ಟು ಆಳವಾಗಿ ನೋಡಬೇಕು ಎಂಬುದು ಅದರ ಮಾತು. ಕೊಟ್ಟ ಮಾತನ್ನು ನಡೆಸಿರೆಂದು ಕೇಳುತ್ತಿದ್ದೇವೆ, ಅಷ್ಟೆ. ಇನ್ನು ನಗರಗಳಲ್ಲಿ ಓಣಿಗೊಂದರಂತೆ ಎದ್ದಿರುವ ಖಾಸಗಿ ಡೇಕೇರುಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಲೈಸೆನ್ಸು ಕಾಯಿದೆಯೇ ಇಲ್ಲ. 2018ರಲ್ಲಿ ಕೇಂದ್ರ ಸರಕಾರ ಶಿಶುಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಸೂಚಿಯೇ ಹೊರತು ಕಾಯಿದೆಯಲ್ಲ. ಇಲ್ಲದ ತಪಾಸಣೆಯನ್ನು ಇನ್ನೂ ಸರಳ ಮಾಡುವುದು ಹೇಗೆಂದು ಬಲ್ಲವರು ಹೇಳಲಿ.

ಸರಳ ಮಾಡುವುದಾದರೆ ಹೀಗೆ ಮಾಡಿ. ಒಂದು, ಹಲವು ಇಲಾಖೆಗಳ ಕಾಗದಗಳನ್ನು ಒಂದು ಮಾಡಿ, ತಪಾಸಣೆಗಾರನ ಭೇಟಿಗಳನ್ನು ಕಡಿಮೆ ಮಾಡಬೇಡಿ. ಎರಡು, ಭೇಟಿ ಮುನ್ಸೂಚನೆಯಿಲ್ಲದೆ ಇರಲಿ, ಶಿಶುಪಾಲನೆ ಬಲ್ಲ ಹೆಂಗಸೊಬ್ಬಳು ಜೊತೆಗಿರಲಿ. ಮೂರು, ಕಂಡದ್ದನ್ನು ಸರಳ ಕನ್ನಡದಲ್ಲಿ ಬರೆದು ಅದೇ ದಿನ ಕೇಂದ್ರದ ಬಾಗಿಲಿಗೆ ಅಂಟಿಸಲಿ. ಲಂಚಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ನಾಲ್ಕು, ಪ್ರತಿ ಕೇಂದ್ರದಲ್ಲೂ ತಾಯಂದಿರ ಸಮಿತಿಗೆ ಯಾವ ಹೊತ್ತಿನಲ್ಲಾದರೂ ಒಳಹೋಗುವ ಹಕ್ಕಿರಲಿ. ಐದು, ಹತ್ತು ಮಕ್ಕಳನ್ನು ನೋಡಿಕೊಳ್ಳುವ ಬಡ ಹೆಂಗಸಿಗೆ ದಂಡದ ಬದಲು ತರಬೇತಿಯನ್ನೂ ಬೆಂಕಿ ಆರಿಸುವ ಸಾಧನವನ್ನೂ ಸರಕಾರದ ಖರ್ಚಿನಲ್ಲಿ ಕೊಡಿ. ಆರು, ಇದನ್ನೆಲ್ಲ ನಡೆಸಲು ಖಾಲಿ ಬಿದ್ದಿರುವ ತಪಾಸಣೆಗಾರರ ಹುದ್ದೆಗಳನ್ನು ತುಂಬಿ. ಕಾರ್ಖಾನೆಯ ಕೇಂದ್ರಕ್ಕೊಂದು ನ್ಯಾಯ, ಸರಕಾರದ ಕೇಂದ್ರಕ್ಕೊಂದು ನ್ಯಾಯವೆಂದು ನಾವು ಹೇಳುವುದಿಲ್ಲ. 2023ರಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ತೆರೆಯುವುದಾಗಿ ಸಾರಿದ ‘ಕೂಸಿನ ಮನೆ’ಗಳಿಗೂ ಇದೇ ಅಳತೆ ಹಿಡಿಯಬೇಕು.

ಸರಕಾರ ತಾನಾಗಿ ಇದನ್ನು ಮಾಡುವುದಿಲ್ಲವೆಂಬುದು ನಮಗೆ ತಿಳಿದೇ ಇದೆ. ಈ ಹಾಳೆಯನ್ನು ಓದುವ ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಊರಿನ ಕಾರ್ಖಾನೆಯ, ತೋಟದ, ಪಂಚಾಯತಿಯ ಶಿಶುಕೇಂದ್ರ ಯಾವ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಒಳಗೆ ಎಷ್ಟು ಮಕ್ಕಳಿವೆ, ಹೊರಬರಲು ಎಷ್ಟು ಬಾಗಿಲುಗಳಿವೆ ಎಂಬುದನ್ನು ಅಲ್ಲಿಯ ತಾಯಂದಿರನ್ನು ಕೇಳಿ ಬರೆದು ಕಳಿಸಲಿ. ಬಂದದ್ದನ್ನು ಊರಿನ ಹೆಸರಿನೊಡನೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಆ ಪಟ್ಟಿಯನ್ನು ಹಿಡಿದು ತಾಯಂದಿರೊಡನೆ ಜಿಲ್ಲಾಧಿಕಾರಿಗಳ ಕಛೇರಿಗೆ ಹೋಗೋಣ. ಆಗ ಸರಳೀಕರಣ ಬೇಕೇ ಬೇಡವೇ ಎಂದು ಮಾತಾಡೋಣ.